ರಾಸಾಯನಿಕಗಳ ಲೆಕ್ಕದಲ್ಲಿ ಖಿನ್ನತೆಯೂ ಸೇರಲಿ

ಮಾನ್ಯ ಸಂಪಾದಕರೇ,

ಖಿನ್ನತೆಯ ಕುರಿತು ತಮ್ಮ ಪತ್ರಿಕೆಯಲ್ಲಿ ಆಗಾಗ ಪ್ರಕಟವಾಗುವ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ವಂಶದಲ್ಲಿ ಹರಿದುಬಂದ ಒಲವು, ಬಾಲ್ಯದಲ್ಲಿ ಉಂಡ ನೋವು, ಸಾವು ಅಗಲಿಕೆಗಳು, ಸಾಲದ ಹೊರೆ, ಕೆಲಸದ ಒತ್ತಡ, ಒಂಟಿತನ, ನಿದ್ರೆಗೇಡು ಇವೆಲ್ಲ ಕಾರಣಗಳಾಗಿ ಆ ಲೇಖನಗಳಲ್ಲಿ ಬರುತ್ತವೆ, ಬರಬೇಕಾದವೇ ಹೌದು. ಆದರೆ ಮನುಷ್ಯ ದಿನವೂ ಉಸಿರಾಡುವ ಗಾಳಿ, ಕುಡಿಯುವ ನೀರು, ದುಡಿಯುವ ಜಾಗದ ದೂಳು ಮತ್ತು ಹಬೆಗಳ ಮೂಲಕ ಮೈ ಸೇರುವ ರಾಸಾಯನಿಕಗಳು ಮನಸ್ಸಿಗೆ ಏನು ಮಾಡುತ್ತವೆ ಎಂಬ ಪ್ರಶ್ನೆಯನ್ನು ಆ ಪಟ್ಟಿಯಲ್ಲಿ ಕಂಡ ನೆನಪು ನನಗಿಲ್ಲ. ಇದನ್ನು ತಮ್ಮ ಲೇಖಕರ ಲೋಪವೆನ್ನಲಾರೆ. ರಾಸಾಯನಿಕಗಳಿಗೆ ಸುರಕ್ಷತಾ ಮಿತಿ ಗೊತ್ತುಮಾಡುವ ಸಂಸ್ಥೆಗಳೇ ಕ್ಯಾನ್ಸರ್, ಮೂತ್ರಪಿಂಡ, ಶ್ವಾಸಕೋಶಗಳನ್ನು ಲೆಕ್ಕಕ್ಕೆ ಹಿಡಿದು ಖಿನ್ನತೆಯನ್ನು ಹೆಚ್ಚುಕಡಿಮೆ ಹೊರಗಿಟ್ಟಿರುವಾಗ, ಪತ್ರಿಕೆಗಳು ಅದನ್ನು ಮರೆತದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ಲೆಕ್ಕದಲ್ಲಿ ಖಿನ್ನತೆಗೂ ಸ್ಥಾನ ಸಿಗಬೇಕು, ಅದಕ್ಕೆ ಬೇಕಾದಷ್ಟು ಆಧಾರ ಈಗಾಗಲೇ ಕೂಡಿದೆ ಎಂಬುದಷ್ಟೇ ಈ ಪತ್ರದ ವಾದ.

ವಿಷಯವೇನೂ ಹೊಸದಲ್ಲ. 1856ರಲ್ಲಿ ಪ್ಯಾರಿಸ್ಸಿನ ವೈದ್ಯ ಆಗಸ್ಟ್ ಡೆಲ್ಪೆಶ್ ಅವರು ರಬ್ಬರ್ ಹದಗೊಳಿಸಲು ಕಾರ್ಬನ್ ಡೈಸಲ್ಫೈಡ್ ಬಳಸುತ್ತಿದ್ದ ಕಾರ್ಮಿಕರನ್ನು ಪರೀಕ್ಷಿಸಿ, ತಲೆನೋವು ಮತ್ತು ಮರೆವಿನ ಜೊತೆಗೆ ಅವರಲ್ಲಿ ಸಿಡುಕು, ಉದ್ರೇಕ, ಗಾಢವಾದ ವಿಷಾದ ಇರುವುದನ್ನು ದಾಖಲಿಸಿದ್ದರು. ಅದೇ ದ್ರವವನ್ನು ಮುಂದೆ ರೇಯಾನ್ ನೂಲಿನ ಕಾರ್ಖಾನೆಗಳು ಬಳಸತೊಡಗಿದಾಗ ಅಲ್ಲಿನ ಕೆಲಸಗಾರರಲ್ಲೂ ಅಂಥವೇ ಲಕ್ಷಣಗಳು ಕಂಡವು. ಪ್ರಾಣಿಗಳ ತುಪ್ಪಳದಿಂದ ಟೋಪಿ ತಯಾರಿಸಲು ಪಾದರಸದ ಲವಣ ಬಳಸುತ್ತಿದ್ದ ಕುಶಲಕರ್ಮಿಗಳಿಗೆ ಕೈನಡುಕ ಮಾತ್ರ ಬರುತ್ತಿರಲಿಲ್ಲ. ವಿಪರೀತ ಸಂಕೋಚ, ಜನರ ಮುಂದೆ ಬರಲು ಹಿಂಜರಿಕೆ, ಕಾರಣವಿಲ್ಲದ ಸಿಟ್ಟು, ಕುಗ್ಗಿದ ಮನಸ್ಸು ಇವೂ ಬರುತ್ತಿದ್ದವು, ಮತ್ತು ಪಾದರಸದ ವಿಷಬಾಧೆಯ ಈ ಮಾನಸಿಕ ರೂಪಕ್ಕೆ ವೈದ್ಯರು ಎರೆತಿಸಂ ಎಂಬ ಪ್ರತ್ಯೇಕ ಹೆಸರನ್ನೇ ಕೊಟ್ಟಿದ್ದರು. 1924ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೇವೇ ಎಂಬ ಹೆಸರಿನ ಪೆಟ್ರೋಲಿಯಂ ಶುದ್ಧೀಕರಣ ಘಟಕದಲ್ಲಿ, ಪೆಟ್ರೋಲಿಗೆ ಬೆರೆಸುವ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ತಯಾರಿಸುತ್ತಿದ್ದ ಕೆಲಸಗಾರರು ಭ್ರಮೆಗಳಿಗೆ ಒಳಗಾಗಿ, ಕೆಲವರನ್ನು ಕಟ್ಟಿಹಾಕಿ ಆಸ್ಪತ್ರೆಗೆ ಒಯ್ಯಬೇಕಾಯಿತು, ಐವರು ಸತ್ತರು. ಇಷ್ಟಾದ ಮೇಲೂ ಸೀಸ ಬೆರೆಸಿದ ಪೆಟ್ರೋಲನ್ನು ಇಡೀ ಜಗತ್ತು ದಶಕಗಟ್ಟಲೆ ಸುಟ್ಟಿತು. ಕೊನೆಯ ದೇಶವಾದ ಅಲ್ಜೀರಿಯಾ ಅದರ ಮಾರಾಟವನ್ನು ನಿಲ್ಲಿಸಿದ್ದು 2021ರಲ್ಲಿ.

ಈ ಹಳೆಯ ಪ್ರಕರಣಗಳೆಲ್ಲ ಭಾರಿ ಪ್ರಮಾಣದ ವಿಷಬಾಧೆಯವು. ಇಂದಿನ ಪ್ರಶ್ನೆ ಬೇರೆ. ಕಣ್ಣಿಗೆ ಕಾಣುವ ಯಾವ ರೋಗಲಕ್ಷಣವೂ ಇಲ್ಲದ ಜನರ ಮೈಯಲ್ಲಿ, ಸಾಮಾನ್ಯವೆಂದು ಬಗೆಯಲಾದ ಸಣ್ಣ ಪ್ರಮಾಣದಲ್ಲಿ ಇರುವ ರಾಸಾಯನಿಕಗಳು ಖಿನ್ನತೆಯ ಸಂಭವವನ್ನು ಹೆಚ್ಚಿಸುತ್ತವೆಯೇ ಎಂಬುದನ್ನು ಈಗ ಕೇಳಬೇಕಾಗಿದೆ. ಇದಕ್ಕೆ ಸಿಕ್ಕಿರುವ ಉತ್ತರ ಎಲ್ಲ ರಾಸಾಯನಿಕಗಳಿಗೂ ಒಂದೇ ತೆರನಾಗಿಲ್ಲ. ಅತ್ಯಂತ ಗಟ್ಟಿಯಾದ ಸಾಕ್ಷ್ಯವಿರುವುದು ಸೀಸದ ವಿಷಯದಲ್ಲಿ; ಆದ್ದರಿಂದ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಅಮೆರಿಕದಲ್ಲಿ 1999ರಿಂದ 2004ರವರೆಗೆ ನಡೆದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ 20ರಿಂದ 39 ವಯಸ್ಸಿನ 1,987 ಮಂದಿಯ ರಕ್ತದಲ್ಲಿನ ಸೀಸವನ್ನು ಅಳೆದು, ಅವರ ಮಾನಸಿಕ ಸ್ಥಿತಿಯನ್ನೂ ವಿಚಾರಿಸಲಾಗಿತ್ತು. 2009ರಲ್ಲಿ ಪ್ರಕಟವಾದ ಅದರ ವಿಶ್ಲೇಷಣೆಯ ಪ್ರಕಾರ, ಅತಿ ಹೆಚ್ಚು ಸೀಸವಿದ್ದ ಐದನೇ ಒಂದು ಭಾಗದ ಜನರಲ್ಲಿ ತೀವ್ರ ಖಿನ್ನತೆಯ ಸಂಭವ, ಅತಿ ಕಡಿಮೆ ಸೀಸವಿದ್ದವರಿಗೆ ಹೋಲಿಸಿದರೆ 2.3 ಪಟ್ಟು ಇತ್ತು. ಇದ್ದಕ್ಕಿದ್ದಂತೆ ಎದೆ ಬಡಿದುಕೊಂಡು ಭಯ ಆವರಿಸುವ ಪ್ಯಾನಿಕ್ ಕಾಯಿಲೆಯ ಸಂಭವ 4.9 ಪಟ್ಟು ಇತ್ತು. ಇಲ್ಲಿ ಗಮನಿಸಬೇಕಾದದ್ದು, ಆ ಅತಿ ಹೆಚ್ಚಿನ ಗುಂಪು ಆರಂಭವಾಗುವುದೇ ಪ್ರತಿ ಡೆಸಿಲೀಟರ್ ರಕ್ತಕ್ಕೆ 2.11 ಮೈಕ್ರೊಗ್ರಾಂ ಸೀಸದಿಂದ. ಆ ಕಾಲದಲ್ಲಿ ಅಮೆರಿಕ ಮಕ್ಕಳ ವಿಷಯದಲ್ಲಿ ಆತಂಕದ ಮಟ್ಟವೆಂದು ಗುರುತಿಸಿದ್ದುದು 10 ಮೈಕ್ರೊಗ್ರಾಂ. ಅಂದರೆ ವೈದ್ಯರು ನೋಡಿ ಪಕ್ಕಕ್ಕಿಡುತ್ತಿದ್ದ ಅಂಕಿಗಳ ಒಳಗೇ ಈ ವ್ಯತ್ಯಾಸ ಕಂಡಿತ್ತು. ಸಿಗರೇಟಿನ ಹೊಗೆಯಲ್ಲೂ ಸೀಸ ಇರುವುದರಿಂದ, ಖಿನ್ನರಾದವರು ಹೆಚ್ಚು ಸೇದುವುದೇ ಇದಕ್ಕೆ ಕಾರಣವಿರಬಹುದೆಂಬ ಅನುಮಾನ ಸಹಜ. ಸಂಶೋಧಕರು ಧೂಮಪಾನಿಗಳನ್ನೆಲ್ಲ ಬಿಟ್ಟು ಮತ್ತೆ ಲೆಕ್ಕ ಹಾಕಿದರು. ಸಂಬಂಧ ಕರಗಲಿಲ್ಲ, ಸ್ವಲ್ಪ ಬಲವಾಯಿತು.

ಒಂದೇ ಸಮಯದಲ್ಲಿ ರಕ್ತವನ್ನೂ ಮನಸ್ಸನ್ನೂ ಅಳೆದಾಗ ಯಾವುದು ಮೊದಲು ಎಂದು ಹೇಳಲಾಗದು ಎಂಬ ಆಕ್ಷೇಪ ಉಳಿದೇ ಇರುತ್ತದೆ. ಅದಕ್ಕೆ ಉತ್ತರವಾಗಿ ನಿಲ್ಲುವುದು ನ್ಯೂಜಿಲೆಂಡಿನ ಡನೀಡನ್ ಅಧ್ಯಯನ. 1972 ಮತ್ತು 73ರಲ್ಲಿ ಆ ಊರಿನಲ್ಲಿ ಹುಟ್ಟಿದ ಮಕ್ಕಳನ್ನು ನಡುವಯಸ್ಸಿನವರೆಗೂ ಬೆನ್ನುಹತ್ತಿದ ಈ ಅಧ್ಯಯನದಲ್ಲಿ 579 ಮಂದಿಯ ರಕ್ತದ ಸೀಸವನ್ನು ಅವರ 11ನೆಯ ವಯಸ್ಸಿನಲ್ಲೇ ಅಳೆದಿಡಲಾಗಿತ್ತು. ಸೀಸ ಹೆಚ್ಚಿದ್ದ ಮಕ್ಕಳು ದೊಡ್ಡವರಾಗಿ 38 ತಲುಪುವ ಹೊತ್ತಿಗೆ ಖಿನ್ನತೆ, ಆತಂಕಗಳನ್ನೊಳಗೊಂಡ ಮಾನಸಿಕ ತೊಂದರೆಗಳ ಲಕ್ಷಣಗಳು ಅವರಲ್ಲಿ ಹೆಚ್ಚಾಗಿದ್ದವು ಎಂದು 2019ರಲ್ಲಿ ವರದಿಯಾಯಿತು. ಬಡತನವೇ ಸೀಸವನ್ನೂ ತರುತ್ತದೆ, ಖಿನ್ನತೆಯನ್ನೂ ತರುತ್ತದೆ ಎಂಬ ಮಾತು ಇಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ, ಏಕೆಂದರೆ ಅಂದಿನ ಆ ಊರಿನಲ್ಲಿ ಸೀಸ ಬರುತ್ತಿದ್ದುದು ಮುಖ್ಯವಾಗಿ ವಾಹನಗಳ ಹೊಗೆಯಿಂದ. ಅದು ಉಳ್ಳವರು ಇಲ್ಲದವರು ಎಂದು ನೋಡದೆ ಎಲ್ಲರ ಮಕ್ಕಳ ರಕ್ತವನ್ನೂ ಸೇರಿತ್ತು. ಒಬ್ಬೊಬ್ಬ ವ್ಯಕ್ತಿಯ ಮಟ್ಟದಲ್ಲಿ ಈ ಪರಿಣಾಮ ಸಣ್ಣದೇ ಎಂಬುದನ್ನು ಅಧ್ಯಯನ ನಡೆಸಿದವರೇ ಒಪ್ಪಿದ್ದಾರೆ, ಮತ್ತು ಹಾಗೆ ಒಪ್ಪಿದ್ದರಿಂದಲೇ ಅವರ ಮಾತಿನ ಮೇಲೆ ನನಗೆ ನಂಬಿಕೆ ಹೆಚ್ಚು.

ಸೀಸದ ಇನ್ನೊಂದು ಗುಣವನ್ನೂ ಹೇಳಬೇಕು. ಅದು ದೇಹದ ಪಾಲಿಗೆ ಕ್ಯಾಲ್ಸಿಯಂನ ವೇಷ ಹಾಕಿಕೊಂಡು ಬರುತ್ತದೆ. ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸುವ ಕೆಲಸದಲ್ಲಿ ಕ್ಯಾಲ್ಸಿಯಂನ ಜಾಗದಲ್ಲಿ ನುಸುಳಿ ಅಡ್ಡಿಪಡಿಸುತ್ತದೆ. ರಕ್ತದಲ್ಲಿ ಅದು ತಿಂಗಳೊಪ್ಪತ್ತಿನಲ್ಲಿ ಅರ್ಧಕ್ಕಿಳಿದರೂ ಮೂಳೆಯಲ್ಲಿ ದಶಕಗಟ್ಟಲೆ ಉಳಿದು, ಗರ್ಭಧಾರಣೆ, ಎದೆಹಾಲೂಡಿಕೆ, ಮುಟ್ಟು ನಿಲ್ಲುವ ಕಾಲ, ಮುಪ್ಪು ಇಂಥ ಮೂಳೆ ಕರಗುವ ಹೊತ್ತುಗಳಲ್ಲಿ ಮತ್ತೆ ರಕ್ತಕ್ಕೆ ಇಳಿಯುತ್ತದೆ. ಆದ್ದರಿಂದ ಪೆಟ್ರೋಲಿನಿಂದ ಸೀಸ ಹೋಯಿತು, ಇನ್ನು ಆ ಚಿಂತೆ ಮುಗಿಯಿತು ಎನ್ನುವಂತಿಲ್ಲ. ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುವ ಕೆಲಸ, ಕೆಲವು ಬಣ್ಣಗಳು, ಹಳೆಯ ಕೊಳವೆಗಳು ಇನ್ನೂ ಇವೆ. ಜಗತ್ತಿನಲ್ಲಿ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದೆ ಎಂದು ಯುನಿಸೆಫ್ 2020ರಲ್ಲಿ ಅಂದಾಜು ಮಾಡಿತ್ತು. ಈ ಮಕ್ಕಳ ಬುದ್ಧಿಮತ್ತೆಯ ಬಗ್ಗೆ ಚಿಂತಿಸಿದವರಿದ್ದಾರೆ; ಇಪ್ಪತ್ತು ಮೂವತ್ತು ವರ್ಷಗಳ ಅನಂತರ ಇವರ ಮನಸ್ಸು ಹೇಗಿದ್ದೀತು ಎಂದು ಕೇಳಿದವರು ಕಡಿಮೆ.

ಸೀಸದ ಆಚೆಗೆ ಬಂದರೆ ಕೀಟನಾಶಕಗಳು. ಕೀಟನಾಶಕ ಮತ್ತು ಮಾನಸಿಕ ಆರೋಗ್ಯ ಎಂದ ಕೂಡಲೇ ನಮ್ಮ ಮಾತು ಆತ್ಮಹತ್ಯೆಯ ಸುದ್ದಿಗಳತ್ತ ಹೊರಳಿ ಅಲ್ಲಿಗೇ ನಿಂತುಬಿಡುತ್ತದೆ. ಆದರೆ ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕಗಳು ಕೆಲಸ ಮಾಡುವುದೇ ನರಮಂಡಲದ ಮೇಲೆ: ಅಸಿಟೈಲ್‌ಕೊಲಿನ್ ಎಂಬ ನರಸಂದೇಶವಾಹಕವನ್ನು ಕರಗಿಸುವ ಕಿಣ್ವವನ್ನು ಅವು ತಡೆಹಿಡಿಯುತ್ತವೆ, ಕೀಟ ಸಾಯುತ್ತದೆ, ಮತ್ತು ಅದೇ ಕಿಣ್ವ ಸಿಂಪಡಿಸುವವನ ಮೈಯಲ್ಲೂ ಇದೆ. ಅಸಿಟೈಲ್‌ಕೊಲಿನ್ ಹೆಚ್ಚಾಗುವಂತೆ ಮಾಡುವ ಫೈಸೊಸ್ಟಿಗ್ಮಿನ್ ಎಂಬ ಔಷಧವನ್ನು ಕೊಟ್ಟಾಗ ಮನಸ್ಸು ಕುಗ್ಗುವುದನ್ನು 1970ರ ದಶಕದ ಆರಂಭದಲ್ಲೇ ಮನೋವೈದ್ಯರು ಗಮನಿಸಿದ್ದರು. ಅಮೆರಿಕದ ಅಯೋವಾ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳಲ್ಲಿ 1993ರಿಂದ ನಡೆಯುತ್ತಿರುವ ಕೃಷಿಕರ ಆರೋಗ್ಯ ಅಧ್ಯಯನದಲ್ಲಿ, ವೈದ್ಯರಿಂದ ಕೀಟನಾಶಕ ವಿಷಬಾಧೆಯೆಂದು ಗುರುತಿಸಲ್ಪಟ್ಟವರಲ್ಲಿ ಖಿನ್ನತೆಯ ಸಂಭವ ಸುಮಾರು ಎರಡೂವರೆ ಪಟ್ಟು ಹೆಚ್ಚಿರುವುದು ಕಂಡುಬಂತು. ಮನಸ್ಸು ಕುಗ್ಗಿದ ರೈತ ಕೈಗವಸು, ಮುಖಗವಸುಗಳ ಬಗ್ಗೆ ಉದಾಸೀನನಾಗಿ ವಿಷಬಾಧೆಗೆ ಒಳಗಾಗಿರಬಹುದು ಎಂಬ ತಿರುಗು ವಿವರಣೆಯೂ ಸಾಧ್ಯ. ಬಹುಶಃ ಎರಡೂ ದಿಕ್ಕಿನಲ್ಲಿ ಸ್ವಲ್ಪ ಸ್ವಲ್ಪ ಸತ್ಯವಿದೆ. ಪೇಂಟ್, ಥಿನ್ನರ್, ಅಂಟುಗಳಲ್ಲಿರುವ ದ್ರಾವಕಗಳ ಹಬೆಯನ್ನು ವರ್ಷಗಟ್ಟಲೆ ಉಸಿರಾಡಿದವರ ವಿಷಯದಲ್ಲಂತೂ 1985ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ, ದ್ರಾವಕಗಳಿಂದ ಮಿದುಳಿಗೆ ಬರುವ ಕಾಯಿಲೆಯ ಮೊದಲ ಹಂತವನ್ನು ಸಿಡುಕು, ಆಯಾಸ, ಖಿನ್ನತೆಗಳಿಂದಲೇ ಗುರುತಿಸುವ ವರ್ಗೀಕರಣವನ್ನು ಒಪ್ಪಿತ್ತು. ನೆನಪು ಕೆಡುವುದು ಆಮೇಲಿನ ಮಾತು.

ಇನ್ನು ಗಾಳಿ. 2.5 ಮೈಕ್ರಾನ್‌ಗಿಂತ ಸಣ್ಣದಾದ ಕಣಗಳು ಶ್ವಾಸಕೋಶದಲ್ಲಿ ಉರಿಯೂತ ಉಂಟುಮಾಡುತ್ತವೆ. ಅದರಿಂದ ಹುಟ್ಟುವ ರಾಸಾಯನಿಕ ಸಂಕೇತಗಳು ರಕ್ತದ ಮೂಲಕ ಮಿದುಳನ್ನು ಮುಟ್ಟುತ್ತವೆ. ಉರಿಯೂತದ ಸಂಕೇತಗಳು ಮನಸ್ಸನ್ನು ಕುಗ್ಗಿಸಬಲ್ಲವು ಎನ್ನಲು ವೈದ್ಯಲೋಕದಲ್ಲಿ ಬೇರೊಂದು ಕಡೆಯಿಂದ ಬಂದ ಪುರಾವೆಯಿದೆ. ಹೆಪಟೈಟಿಸ್ ಸಿ ಕಾಯಿಲೆಗೆ ಹಿಂದೆ ಕೊಡುತ್ತಿದ್ದ ಇಂಟರ್‌ಫೆರಾನ್ ಅಂಥದೇ ಒಂದು ಸಂಕೇತ ವಸ್ತು. ಮೊದಲು ಖಿನ್ನತೆಯ ಸುಳಿವೇ ಇಲ್ಲದಿದ್ದ ಅನೇಕ ರೋಗಿಗಳು ಆ ಔಷಧ ಶುರುವಾದ ಕೆಲವೇ ವಾರಗಳಲ್ಲಿ ಖಿನ್ನರಾಗುತ್ತಿದ್ದರು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದು, ದೀರ್ಘಕಾಲ ಉಸಿರಾಡುವ ಗಾಳಿಯಲ್ಲಿ ಈ ಕಣಗಳು ಘನ ಮೀಟರಿಗೆ 10 ಮೈಕ್ರೊಗ್ರಾಂ ಹೆಚ್ಚಾದರೆ ಖಿನ್ನತೆಯ ಸಂಭವ ಶೇ 10ರಷ್ಟು ಹೆಚ್ಚುತ್ತದೆ ಎಂದು ಅಂದಾಜಿಸಿತು. ಬ್ರಿಟನ್ನಿನ 3,89,185 ಮಂದಿಯನ್ನು ಹತ್ತು ವರ್ಷಗಳಿಗೂ ಮಿಗಿಲಾಗಿ ಗಮನಿಸಿದ 2023ರ ಅಧ್ಯಯನವೂ ಅದೇ ದಿಕ್ಕನ್ನು ತೋರಿತು. ಮಾಲಿನ್ಯ ಕಡಿಮೆ ಇರುವ ಮಟ್ಟದಲ್ಲೇ ಅಪಾಯದ ಏರಿಕೆ ಕಡಿದಾಗಿದ್ದು, ಮಾಲಿನ್ಯ ಹೆಚ್ಚಿರುವಲ್ಲಿ ಅದು ಸಮತಟ್ಟಾಗುತ್ತದೆ ಎಂಬುದು ಅದರಲ್ಲಿ ಕಂಡ ವಿಶೇಷ. ಮಿತಿಯ ಒಳಗಿದ್ದೇವೆ ಎಂಬ ಸಮಾಧಾನಕ್ಕೆ ಇದು ಒಪ್ಪುವ ಸಂಗತಿಯಲ್ಲ. ವಾರ್ಷಿಕ ಸರಾಸರಿ 10 ಮೈಕ್ರೊಗ್ರಾಂ ಇರಬಹುದೆಂದು 2005ರಲ್ಲಿ ಹೇಳಿದ್ದ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು 5ಕ್ಕೆ ಇಳಿಸಿತು. ಆದರೆ ಆ ಇಳಿಕೆಗೆ ಆಧಾರವಾದದ್ದು ಸಾವಿನ ಲೆಕ್ಕ, ಮನಸ್ಸಿನದಲ್ಲ.

ಶೇ 10 ಎಂದರೆ ಎಷ್ಟು ಮಹಾ ಎಂದು ಕೇಳುವವರಿದ್ದಾರೆ. ಒಬ್ಬ ವ್ಯಕ್ತಿಗೆ ಅದು ನಿಜಕ್ಕೂ ಸಣ್ಣದು. ಕೆಲಸ ಕಳೆದುಕೊಂಡ ದುಃಖದ ಮುಂದೆ, ಮಗುವನ್ನು ಕಳೆದುಕೊಂಡ ದುಃಖದ ಮುಂದೆ ಅದು ಏನೂ ಅಲ್ಲ. ಆದರೆ ಆ ದುಃಖಗಳು ಎಲ್ಲರಿಗೂ ಒಟ್ಟಿಗೆ ಬರುವುದಿಲ್ಲ, ಗಾಳಿಯಾದರೋ ಎಲ್ಲರದು. 2019ರಲ್ಲಿ ಜಗತ್ತಿನಲ್ಲಿ ಸುಮಾರು 28 ಕೋಟಿ ಜನ ಖಿನ್ನತೆಯಿಂದ ಬಳಲುತ್ತಿದ್ದರು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜನ್ನು ಮುಂದಿಟ್ಟುಕೊಂಡು ನೋಡಿದರೆ, ಪ್ರತಿಯೊಬ್ಬರಿಗೂ ಒಂದಿಷ್ಟೇ ಸೇರುವ ಅಪಾಯ ಒಟ್ಟಿನಲ್ಲಿ ಎಷ್ಟಾಗುತ್ತದೆ ಎಂಬುದು ತಿಳಿಯುತ್ತದೆ. ಅಲ್ಲದೆ ಆನುವಂಶಿಕ ಒಲವನ್ನು ನಾವು ತಿದ್ದಲಾರೆವು, ಕಳೆದುಹೋದ ಬಾಲ್ಯವನ್ನು ಮರಳಿ ತರಲಾರೆವು. ಚಿಮಣಿಗೆ ಶೋಧಕ ಹಾಕಲು, ಬಣ್ಣದಿಂದ ಸೀಸ ತೆಗೆಯಲು ಒಂದು ಆದೇಶ ಮತ್ತು ಅದನ್ನು ಜಾರಿಗೊಳಿಸುವ ಮನಸ್ಸಿದ್ದರೆ ಸಾಕು.

ಎಲ್ಲ ರಾಸಾಯನಿಕಕ್ಕೂ ಖಿನ್ನತೆಯನ್ನು ಅಂಟಿಸುವುದು ನನ್ನ ಉದ್ದೇಶವಲ್ಲ. ಅಮೆರಿಕದ ಕೇಪ್ ಕಾಡ್ ಪ್ರದೇಶದಲ್ಲಿ ಕುಡಿಯುವ ನೀರಿನ ಕೊಳವೆಗಳ ಒಳಪದರದಿಂದ ಪರ್‌ಕ್ಲೋರೊಎಥಿಲೀನ್ ಎಂಬ ದ್ರಾವಕ ನೀರಿಗೆ ಸೋರಿತ್ತು. ಗರ್ಭದಲ್ಲಿ ಮತ್ತು ಎಳವೆಯಲ್ಲಿ ಆ ನೀರಿನ ಸಂಪರ್ಕಕ್ಕೆ ಬಂದವರನ್ನು ದೊಡ್ಡವರಾದ ಮೇಲೆ ಅಧ್ಯಯನ ಮಾಡಿದಾಗ ಅತಿ ಉತ್ಸಾಹ ಮತ್ತು ಖಿನ್ನತೆಗಳ ನಡುವೆ ಮನಸ್ಸು ತೂಗಾಡುವ ಬೈಪೋಲಾರ್ ಕಾಯಿಲೆಯ ಸಂಭವ ಹೆಚ್ಚಿದ್ದಂತೆ ಕಂಡಿತಾದರೂ, ಖಿನ್ನತೆಯ ಸಂಭವದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಪ್ಲಾಸ್ಟಿಕ್ಕಿನಲ್ಲಿರುವ ಬಿಸ್ಫೆನಾಲ್, ಥಾಲೇಟ್‌ಗಳ ಕುರಿತ ವರದಿಗಳಲ್ಲಿ ಹೆಚ್ಚಿನವು ಒಂದು ದಿನದ ಮೂತ್ರದ ಮಾದರಿಯನ್ನು ನೆಚ್ಚಿಕೊಂಡಿವೆ. ಆ ವಸ್ತುಗಳು ಗಂಟೆಗಳಲ್ಲೇ ದೇಹದಿಂದ ಹೊರಹೋಗುವುದರಿಂದ ಒಂದು ಮಾದರಿಯಿಂದ ವರ್ಷಗಳ ಕಥೆ ಹೇಳುವುದು ಕಷ್ಟ. ಕಾರ್ಖಾನೆಯ ಪಕ್ಕದಲ್ಲಿ ಬದುಕುವವರಿಗೆ ಹೊಗೆಯ ಜೊತೆಗೆ ಸದ್ದು, ಸೆಖೆ, ಕಡಿಮೆ ಸಂಬಳ, ಕೆಟ್ಟ ನಿದ್ರೆ ಎಲ್ಲವೂ ಒಟ್ಟಿಗೆ ಬರುತ್ತವೆ. ಅವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸುವುದು ಸಂಖ್ಯಾಶಾಸ್ತ್ರಜ್ಞರಿಗೂ ಸುಲಭವಲ್ಲ. ಜನರಿಗೆ ಬೇಕೆಂದೇ ವಿಷ ಕೊಟ್ಟು ಪರೀಕ್ಷಿಸಲಾಗದ್ದರಿಂದ ಔಷಧಗಳ ವಿಷಯದಲ್ಲಿ ಸಿಗುವಂಥ ಖಚಿತತೆ ಇಲ್ಲಿ ಎಂದೂ ಸಿಗದು. ಆ ಖಚಿತತೆ ಬರಲಿ ಎಂದು ಕಾಯುತ್ತೇವೆ ಎನ್ನುವುದು, ಬಾರದ ಅತಿಥಿಗೆ ಊಟ ತಡೆದಿಟ್ಟಂತೆ.

ಹಾಗಾದರೆ ನಿಯಂತ್ರಣದ ವ್ಯವಸ್ಥೆ ಮನಸ್ಸನ್ನು ಹೇಗೆ ನೋಡುತ್ತಿದೆ? ಜಗತ್ತಿನಾದ್ಯಂತ ತಯಾರಿಕೆ ಮತ್ತು ಬಳಕೆಗಾಗಿ ನೋಂದಾಯಿತವಾಗಿರುವ ರಾಸಾಯನಿಕಗಳು ಮತ್ತು ಮಿಶ್ರಣಗಳ ಸಂಖ್ಯೆ ಮೂರೂವರೆ ಲಕ್ಷವನ್ನು ದಾಟುತ್ತದೆ ಎಂದು 2020ರ ಲೆಕ್ಕವೊಂದು ಹೇಳುತ್ತದೆ. ಇವುಗಳಲ್ಲಿ ನರಮಂಡಲದ ಮೇಲಿನ ಪರಿಣಾಮಕ್ಕಾಗಿ ಪರೀಕ್ಷೆಗೆ ಒಳಗಾದವು ಬೆರಳೆಣಿಕೆಯ ಪಾಲು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು 1997 ಮತ್ತು 2007ರಲ್ಲಿ ಇದಕ್ಕಾಗಿಯೇ ಪರೀಕ್ಷಾ ಮಾರ್ಗಸೂಚಿಗಳನ್ನು ಹೊರತಂದಿದೆ. ಅವುಗಳಲ್ಲಿ ಇಲಿಗಳ ನಡಿಗೆ, ಚಟುವಟಿಕೆ, ಬೆಚ್ಚುವಿಕೆ, ಕಲಿಕೆ, ನೆನಪು, ಮಿದುಳಿನ ಅಂಗಾಂಶ ಇವಕ್ಕೆ ಗಮನವಿದೆ. ಖಿನ್ನತೆಯನ್ನು ಹೋಲುವ ವರ್ತನೆ ಅಲ್ಲಿ ಕಡ್ಡಾಯವಾಗಿ ಅಳೆಯಬೇಕಾದ ಸಂಗತಿಯಲ್ಲ. ಖಿನ್ನತೆ ನಿವಾರಕ ಔಷಧವೊಂದನ್ನು ಮಾರುಕಟ್ಟೆಗೆ ತರುವ ಮೊದಲು ಇಲಿಗಳ ಮೇಲೆ ಅಂಥ ವರ್ತನೆಯ ಪರೀಕ್ಷೆಗಳನ್ನು ಮಾಡುತ್ತಲೇ ಬಂದಿದ್ದೇವೆ ಎಂಬುದನ್ನು ನೆನೆದರೆ, ಸಾಧನವಿಲ್ಲದ್ದರಿಂದ ಬಿಟ್ಟೆವು ಎಂಬ ಸಬೂಬು ನಿಲ್ಲದು. ಆ ಪರೀಕ್ಷೆಗಳೂ ಒರಟೇ, ಇಲಿಯ ಸುಸ್ತನ್ನು ಮನುಷ್ಯನ ದುಃಖವೆಂದು ಓದುವುದರಲ್ಲಿ ಅಪಾಯವಿದೆ. ಅಷ್ಟಾದರೂ ಮಾಡಿಲ್ಲವಲ್ಲ ಎಂಬುದು ನನ್ನ ಆಕ್ಷೇಪ.

ಮನಸ್ಸಿನಂಥ ಅಳತೆಗೆ ಸಿಗದ ವಿಷಯವನ್ನು ಕಾನೂನಿನ ಅಂಕಿಯಾಗಿಸಲು ಸಾಧ್ಯವೇ ಎಂದು ಅಧಿಕಾರಿಗಳು ಕೇಳುತ್ತಾರೆ. ಸಾಧ್ಯವೆಂಬುದಕ್ಕೆ ಸೀಸವೇ ಉದಾಹರಣೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2010ರಲ್ಲಿ ಸೀಸದ ಅಪಾಯವನ್ನು ಅಂದಾಜಿಸುವಾಗ ವಯಸ್ಕರ ರಕ್ತದೊತ್ತಡ ಮತ್ತು ಮೂತ್ರಪಿಂಡದ ಕಾಯಿಲೆಯ ಜೊತೆಗೆ, ಮಕ್ಕಳ ಬುದ್ಧಿಮತ್ತೆಯ ಅಂಕ ಒಂದರಷ್ಟು ಇಳಿಯುವುದನ್ನೂ ಆಧಾರವಾಗಿ ಹಿಡಿಯಿತು. ಬುದ್ಧಿಮತ್ತೆಯೇನು ತಕ್ಕಡಿಯಲ್ಲಿ ತೂಗುವ ವಸ್ತುವೇ? ಅದನ್ನೂ ಪ್ರಶ್ನಾವಳಿಯಿಂದಲೇ ಅಳೆಯುತ್ತೇವೆ, ಅದರ ಬಗ್ಗೆಯೂ ತಕರಾರುಗಳಿವೆ; ಆದರೂ ಒಂದು ಇಡೀ ಜನಸಮುದಾಯದ ಸರಾಸರಿಯಲ್ಲಿ ಒಂದು ಅಂಕದ ಇಳಿಕೆ ದೊಡ್ಡ ನಷ್ಟವೆಂದು ಒಪ್ಪಿ ಮುಂದೆ ನಡೆದಿದ್ದೇವೆ. ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ 9ರಂಥ ಖಿನ್ನತೆಯ ಪ್ರಶ್ನಾವಳಿಗಳು ಜಗತ್ತಿನ ಎಷ್ಟೋ ಭಾಷೆಗಳಲ್ಲಿ, ಎಷ್ಟೋ ಆರೋಗ್ಯ ಸಮೀಕ್ಷೆಗಳಲ್ಲಿ ಬಳಕೆಯಲ್ಲಿವೆ. ಅದೇ ಸಮೀಕ್ಷೆಯಲ್ಲಿ ರಕ್ತವನ್ನೂ ಪಡೆದು, ಸೀಸ, ಪಾದರಸ, ಕ್ಯಾಡ್ಮಿಯಂಗಳನ್ನು ಅಳೆದು, ಅದೇ ಜನರನ್ನು ಕೆಲವು ವರ್ಷಗಳ ಮೇಲೆ ಮತ್ತೆ ಕಾಣುವುದು ದುಬಾರಿಯಾದರೂ ಅಸಾಧ್ಯವಲ್ಲ.

ವೈದ್ಯರಲ್ಲೂ ಒಂದು ವಿನಂತಿಯಿದೆ. ಕಾರ್ಮಿಕರ ಆರೋಗ್ಯಶಾಸ್ತ್ರಕ್ಕೆ ತಳಹದಿ ಹಾಕಿದ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ, ರೋಗಿಗೆ ಕೇಳುವ ಪ್ರಶ್ನೆಗಳ ಜೊತೆಗೆ ನೀನು ಮಾಡುವ ಕೆಲಸವೇನು ಎಂಬ ಪ್ರಶ್ನೆಯನ್ನೂ ಸೇರಿಸಿರೆಂದು 1700ರಲ್ಲೇ ಸಲಹೆ ಕೊಟ್ಟಿದ್ದರು. ಖಿನ್ನತೆಯೆಂದು ಬಂದವರಲ್ಲಿ ಥೈರಾಯ್ಡ್ ಪರೀಕ್ಷೆ ಮಾಡಿಸುವ ವಾಡಿಕೆ ಈಗ ಇದೆ, ಒಳ್ಳೆಯದು. ಬ್ಯಾಟರಿ, ಬೆಸುಗೆ, ಪೇಂಟ್, ಸಿಂಪಡಣೆ, ಚಿನ್ನ ಸೋಸುವಲ್ಲಿ ಪಾದರಸ ಇಂಥ ಕೆಲಸಗಳಲ್ಲಿ ಇದ್ದೀರಾ, ಮನೆಯವರಾರಾದರೂ ಇದ್ದಾರೆಯೇ, ಕೆಲಸದ ಬಟ್ಟೆಯನ್ನು ಮನೆಯಲ್ಲೇ ಒಗೆಯುತ್ತೀರಾ ಎಂದು ಕೇಳಲು ಎರಡು ನಿಮಿಷ ಸಾಕು. ಹೌದೆಂದವರಿಗೆ ಮಾತ್ರ ರಕ್ತ ಪರೀಕ್ಷೆ ಸಾಕು; ಎಲ್ಲರಿಗೂ ಬೇಕಿಲ್ಲ.

ಇಷ್ಟನ್ನು ಓದಿ ಯಾರೂ ತಮ್ಮ ಮಾತ್ರೆಗಳನ್ನು ನಿಲ್ಲಿಸಬಾರದು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಕಾರಣದಲ್ಲಿ ರಾಸಾಯನಿಕದ ಪಾಲಿದ್ದರೂ ಆಪ್ತ ಸಮಾಲೋಚನೆ ಮತ್ತು ಔಷಧಗಳ ಉಪಯೋಗ ಕಡಿಮೆಯಾಗುವುದಿಲ್ಲ. ದೇಹದ ವಿಷವನ್ನೆಲ್ಲ ಹೊರಹಾಕುತ್ತೇವೆಂದು ಡಿಟಾಕ್ಸ್ ಹೆಸರಿನಲ್ಲಿ ಮಾರಾಟವಾಗುವ ಪೇಯ, ಪುಡಿಗಳಿಂದ ಮೂಳೆಯೊಳಗಿನ ಸೀಸ ಹೋಗುವುದಿಲ್ಲ. ಲೋಹವನ್ನು ಹಿಡಿದು ಹೊರಹಾಕುವ ಕೀಲೇಶನ್ ಚಿಕಿತ್ಸೆ ನಿಜವಾದ, ಪರೀಕ್ಷೆಯಿಂದ ಖಚಿತಪಟ್ಟ ತೀವ್ರ ವಿಷಬಾಧೆಗೆ ಮೀಸಲಾದದ್ದು. ತಪ್ಪಾಗಿ ಕೊಟ್ಟಾಗ ರಕ್ತದ ಕ್ಯಾಲ್ಸಿಯಂ ಕುಸಿದು ಸಾವುಗಳೇ ಸಂಭವಿಸಿವೆ.

ಕೊನೆಯದಾಗಿ ತಮ್ಮ ಪತ್ರಿಕೆಯನ್ನೇ ಕುರಿತ ಕೋರಿಕೆ. ಎಲ್ಲಾದರೂ ಅನಿಲ ಸೋರಿದರೆ, ನೀರಿಗೆ ವಿಷ ಬೆರೆತರೆ, ಸತ್ತವರೆಷ್ಟು, ಆಸ್ಪತ್ರೆ ಸೇರಿದವರೆಷ್ಟು ಎಂಬ ವರದಿಗಳು ವಾರದೊಳಗೆ ಮುಗಿದುಹೋಗುತ್ತವೆ. 1984ರ ಡಿಸೆಂಬರಿನ ಭೋಪಾಲ ದುರಂತದ ಮೊದಲ ದಿನಗಳಲ್ಲಿ ಎಲ್ಲರ ಗಮನವೂ ಕಣ್ಣು ಮತ್ತು ಶ್ವಾಸಕೋಶಗಳ ಮೇಲಿತ್ತು. ಮುಂದಿನ ವರ್ಷದ ಆರಂಭದಲ್ಲಿ ಮನೋವೈದ್ಯರು ಅಲ್ಲಿನ ಸಾಮಾನ್ಯ ಚಿಕಿತ್ಸಾಲಯಗಳಿಗೆ ಬಂದವರನ್ನು ಪರೀಕ್ಷಿಸಿದಾಗ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಮಾನಸಿಕ ತೊಂದರೆಯಿಂದ ಬಳಲುತ್ತಿರುವುದು ಗೊತ್ತಾಯಿತು. ಅದರಲ್ಲಿ ಖಿನ್ನತೆಯ ಪಾಲು ದೊಡ್ಡದು. ಅದರಲ್ಲಿ ಅನಿಲದ್ದೆಷ್ಟು, ಮನೆಮಂದಿಯನ್ನು ಕಳೆದುಕೊಂಡ ಶೋಕದ್ದೆಷ್ಟು ಎಂದು ಬೇರ್ಪಡಿಸುವುದು ಆಗಲೂ ಆಗಲಿಲ್ಲ, ಈಗಲೂ ಆಗದು. ಆದರೆ ಹೋಗಿ ಕೇಳಿದ್ದರಿಂದ ಅಷ್ಟಾದರೂ ತಿಳಿಯಿತು. ಆದ್ದರಿಂದ ಇಂಥ ಅಪಘಾತವೊಂದನ್ನು ವರದಿ ಮಾಡಿದ ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ತಮ್ಮ ವರದಿಗಾರರನ್ನು ಮತ್ತೆ ಅಲ್ಲಿಗೆ ಕಳುಹಿಸಿ, ಜನರಿಗೆ ನಿದ್ರೆ ಬರುತ್ತಿದೆಯೇ, ಕೆಲಸದಲ್ಲಿ ಆಸಕ್ತಿ ಉಳಿದಿದೆಯೇ ಎಂದು ವಿಚಾರಿಸಿ. ಅದನ್ನು ಯಾರಾದರೂ ಬರೆದಿಡುತ್ತಿದ್ದಾರೆಯೇ ಎಂದು ಸಂಬಂಧಪಟ್ಟ ಅಧಿಕಾರಿಗಳನ್ನು ಕೇಳಿ, ಅವರ ಉತ್ತರವನ್ನು ಇದ್ದದ್ದು ಇದ್ದ ಹಾಗೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ